ಹಾಲಿಗೂ ಮೈಗೂ

ಹೆಪ್ಪು: ಉಗುರುಬೆಚ್ಚಗಿನ ಹಾಲು ಮೊಸರಾಗಲು ಬಿಡುವ ಚಮಚ ಮಜ್ಜಿಗೆ. ಹಳೆಯ ರೂಪ ಪೆಪ್ಪು. ಹೆರೆದುಪ್ಪದ ‘ಹೆರೆ’, ತಮಿಳಿನ ‘ಪಿರೈ’, ಹೊಸಕೋಟೆ ಕಡೆ ಮನೆಗಳಲ್ಲಿ ಕೇಳುವ ತೆಲುಗಿನ ‘ಪೆರುಗು’ ಇದರ ಬಳಗ. ಆಮೇಲೆ ರಕ್ತವೂ ಹೆಪ್ಪುಗಟ್ಟಿತು, ಮೌನವೂ.

ಈಚೆಗೆ ಹೊಸಕೋಟೆಯ ಹೆಂಗಸೊಬ್ಬರು, ಯೋನಿಸೋಂಕು ಮರುಕಳಿಸದಿರಲು ಕೊಡುವ ಪ್ರೋಬಯಾಟಿಕ್ಕನ್ನು ‘ಒಳಗಿನ ಹೆಪ್ಪು’ ಎಂದರು. ಎಷ್ಟು ಸರಿಯಾದ ಮಾತು! ಮೊಸರಿನಲ್ಲಿರುವಂತೆ, ಯೋನಿಯನ್ನು ಹುಳಿಯಾಗಿಟ್ಟು ಕಾಯುವುದೂ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾವೇ. ಜರ್ಮನಿಯ ವೈದ್ಯ ಡೋಡರ್‌ಲೈನ್ 1892ರಲ್ಲೇ ಅದನ್ನು ವಿವರಿಸಿದ್ದರು. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಔಷಧದ ನಂತರ ಇದೇ ಜಾತಿಯ ಕ್ರಿಸ್ಪೇಟಸ್ ಬ್ಯಾಕ್ಟೀರಿಯಾದ ಪುಡಿ ಪಡೆದವರಲ್ಲಿ ಶೇ 30, ಪಡೆಯದವರಲ್ಲಿ ಶೇ 45 ಮಂದಿಗೆ 12 ವಾರದೊಳಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ಯೋನಿಸೋಂಕು ಮರಳಿತು. ಆದರೆ ಮನೆಯ ಮೊಸರಿನ ಹೆಪ್ಪೇ ಬೇರೆ. ದಯವಿಟ್ಟು ಅದನ್ನು ಅಲ್ಲಿ ಹಚ್ಚಬೇಡಿ.