ಜತ್ತ ತಾಲ್ಲೂಕಿನಲ್ಲಿ ಕನ್ನಡ: ಹಕ್ಕು ಮತ್ತು ದಾಖಲೆ

ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ತಾಗಿರುವ ಜತ್ತ ಮೊದಲು ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಿಂದ ಮಹಾರಾಷ್ಟ್ರದಲ್ಲಿದೆ. 1967ರ ಮಹಾಜನ ವರದಿ ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು; ಅದು ಜಾರಿಗೆ ಬರಲಿಲ್ಲ. ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿದೆ. ಅದು ಮುಗಿಯುವ ತನಕ ಭಾಷೆಯನ್ನು ಕಾಯಲು ಬಿಡುವಂತಿಲ್ಲ.

ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ಉಮದಿಯ ಭಾವೂಸಾಹೇಬ ಮಹಾರಾಜರ ಸಂಪ್ರದಾಯದಲ್ಲಿ ಕನ್ನಡ, ಮರಾಠಿ ಎರಡಕ್ಕೂ ಸ್ಥಾನವಿದೆ. ನಮ್ಮ ಕನ್ನಡ ಮರಾಠಿಗೆ ವಿರೋಧಿಯಲ್ಲ.

ಶಿಕ್ಷಣದ ಹಕ್ಕು: ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಶಿಕ್ಷಣ ಮಂತ್ರಿಗಳ 1949ರ ಸಮ್ಮೇಳನ ಇದಕ್ಕೆ ಅಳತೆಯನ್ನೂ ಕೊಟ್ಟಿತ್ತು: ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾದರೂ ನಮ್ಮ ಬೇಡಿಕೆಯ ಬಲ ಕುಂದುತ್ತದೆ.

ಪಾಲಕರ ಆತಂಕ: ಕನ್ನಡ ಶಾಲೆಗೆ ಹೋದರೆ ಮಗು ಮರಾಠಿಯಲ್ಲಿ ಹಿಂದೆ ಬೀಳುವುದೇ? ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. ಮರಾಠಿ ತಪ್ಪುವುದಿಲ್ಲ, ಕನ್ನಡ ಉಳಿಯುತ್ತದೆ. ಮೇಲಾಗಿ, ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶ ನಿಯಮಗಳಲ್ಲಿ ಜತ್ತವೂ ಸೇರಿದಂತೆ ಗಡಿನಾಡಿನ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅವಕಾಶವಿದೆ. ನಿಗದಿತ ವರ್ಷಗಳ ವ್ಯಾಸಂಗ ಇಲ್ಲಿಯೇ ಆಗಿರಬೇಕು, ಕನ್ನಡ ಪರೀಕ್ಷೆ ಪಾಸಾಗಬೇಕು. ಅರ್ಜಿ ಹಾಕುವ ವರ್ಷದ ನಿಯಮಾವಳಿ ಓದಿಕೊಳ್ಳಿರಿ.

ಹೊರಗಿನ ಉದಾಹರಣೆ: ಯುರೋಪಿನ ಉತ್ತರದ ಸಾಮಿ ಜನ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದಾರೆ. ನಾರ್ವೆಯ ಶಾಲೆಗಳಲ್ಲಿ ಒಂದು ಕಾಲಕ್ಕೆ ಅವರ ಭಾಷೆಯನ್ನು ಹತ್ತಿಕ್ಕಲಾಗಿತ್ತು. 1989ರಲ್ಲಿ ಅಲ್ಲಿಯೇ ಸಾಮಿ ಸಂಸತ್ತು ಆರಂಭವಾಯಿತು. ಅದರ ಮತದಾರರಾಗಲು ತಾನು ಸಾಮಿ ಎಂದು ಘೋಷಿಸಿ, ತನ್ನ ಅಥವಾ ಮುತ್ತಜ್ಜನ ತಲೆಮಾರಿನವರೆಗಿನ ಹಿರಿಯರೊಬ್ಬರ ಮನೆಮಾತು ಸಾಮಿ ಎಂದು ತಿಳಿಸಿ, ಹೆಸರು ನೋಂದಾಯಿಸಬೇಕು. ಅಲ್ಲಿಯೂ ಮನೆಮಾತು ದಾಖಲೆಗೆ ಬಂದಾಗಲೇ ಹಕ್ಕು ಚಲಾಯಿಸಲು ಬಂತು.

ಸದಸ್ಯರು ಮಾಡಬೇಕಾದದ್ದು:
1. ಒಂದನೇ ತರಗತಿಗೆ ಮಗುವನ್ನು ಕನ್ನಡ ಶಾಲೆಗೆ ಸೇರಿಸಿರಿ, ನೆರೆಹೊರೆಯವರಿಗೂ ತಿಳಿಸಿರಿ.
2. ಜನಗಣತಿಯಲ್ಲಿ ಮಾತೃಭಾಷೆ ಕನ್ನಡವೆಂದು ಬರೆಸಿರಿ. ಮರಾಠಿ, ಹಿಂದಿಯನ್ನು ಬಲ್ಲ ಇತರ ಭಾಷೆಗಳಲ್ಲಿ ಬರೆಸಬಹುದು.
3. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಪೋಚ್ ಪಡೆಯಿರಿ.

ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಫೈಲು ಹುಟ್ಟುವುದಿಲ್ಲ.