ಏಳನೆಯ ದಿನ ಯಾರಿಗೆ ಸೇರಿದ್ದು?

1924ರ ಜುಲೈ 6, ಭಾನುವಾರ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಆರಂಭಿಕ ಸುತ್ತುಗಳು ನಡೆಯುತ್ತಿದ್ದವು. ಬ್ರಿಟನ್ನಿನ ಜನ ಬಹುವಾಗಿ ನೆಚ್ಚಿಕೊಂಡಿದ್ದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಮಾತ್ರ ಕಣದಲ್ಲಿರಲಿಲ್ಲ. ಭಾನುವಾರ ತಾವು ಓಡುವುದಿಲ್ಲವೆಂದು ಅವರು ತಿಂಗಳುಗಳ ಮೊದಲೇ ತಿಳಿಸಿಬಿಟ್ಟಿದ್ದರು. ಅದು ದೇವರ ದಿನ, ಅಂದು ಸ್ಪರ್ಧೆ ಸಲ್ಲದು ಎಂಬುದು ಅವರ ನಂಬಿಕೆ. ಟೀಕೆಗಳು ಬಂದವು, ಒತ್ತಡವೂ ಬಂತು. ಲಿಡೆಲ್ ಜಗ್ಗಲಿಲ್ಲ. ಮುಂದಿನ ಶುಕ್ರವಾರ, ತಮ್ಮದಲ್ಲದ 400 ಮೀಟರ್ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗೆದ್ದರು.

ಒಬ್ಬ ಮನುಷ್ಯ ಒಂದು ದಿನದ ಬಿಡುವಿಗಾಗಿ ಇಷ್ಟು ದೊಡ್ಡ ಬೆಲೆ ತೆರಲು ಸಿದ್ಧನಾಗಿದ್ದ ಎಂಬುದು ಇಂದು ವಿಚಿತ್ರವಾಗಿ ಕಾಣಬಹುದು. ನಮಗೆ ಭಾನುವಾರವೆಂದರೆ ತಡವಾಗಿ ಏಳುವ ದಿನ, ಬಾಕಿ ಉಳಿದ ಬಟ್ಟೆ ಒಗೆಯುವ ದಿನ, ಪುರವಣಿ ಓದುವ ದಿನ. ಆದರೆ ಈ ರಜೆಯ ಹಿಂದೆ ಮೂರು ಸಾವಿರ ವರ್ಷಗಳಿಗೆ ಹತ್ತಿರದ ಕತೆಯಿದೆ. ಆ ಕತೆಯುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದು ಬರುತ್ತದೆ: ಈ ವಿಶ್ರಾಂತಿ ಯಾರಿಗೆ ಸೇರಿದ್ದು?

ದಾಸನಿಗೂ ಎತ್ತಿಗೂ

ಕ್ರೈಸ್ತರು ಈ ದಿನವನ್ನು ಪಡೆದದ್ದು ಯೆಹೂದ್ಯರಿಂದ. ಹೀಬ್ರೂ ಭಾಷೆಯ 'ಸಬ್ಬತ್' ಎಂಬ ಮಾತಿನ ಮೂಲದಲ್ಲಿರುವ ಅರ್ಥ 'ನಿಲ್ಲಿಸು' ಎಂದು. ಶುಕ್ರವಾರ ಸೂರ್ಯ ಮುಳುಗಿದಾಗ ಆರಂಭವಾಗಿ ಶನಿವಾರ ಸಂಜೆ ಮುಗಿಯುವ ಈ ಅವಧಿಯಲ್ಲಿ ಕೆಲಸ ನಿಲ್ಲಬೇಕು. ಮುಗಿದಿದ್ದರೂ ನಿಲ್ಲಬೇಕು, ಮುಗಿಯದಿದ್ದರೂ ನಿಲ್ಲಬೇಕು. ಕೆಲಸವೆಲ್ಲ ಮುಗಿದ ಮೇಲೆ ವಿಶ್ರಮಿಸೋಣ ಎನ್ನುವವನಿಗೆ ಎಂದೂ ವಿಶ್ರಾಂತಿಯಿಲ್ಲ ಎಂಬುದನ್ನು ಆ ಕಾಲದ ಜನ ಬಲ್ಲವರಾಗಿದ್ದರು.

ಮೋಶೆಯ ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ಸಬ್ಬತ್ತನ್ನು ಏಕೆ ಆಚರಿಸಬೇಕು ಎಂಬುದಕ್ಕೆ ಎರಡು ಕಡೆಯೂ ಒಂದೇ ಕಾರಣವಿಲ್ಲ ಎಂಬುದು ಗಮನಾರ್ಹ. ವಿಮೋಚನಕಾಂಡದ ಪ್ರಕಾರ ದೇವರು ಆರು ದಿನಗಳಲ್ಲಿ ಸೃಷ್ಟಿಕಾರ್ಯ ಮುಗಿಸಿ ಏಳನೆಯ ದಿನ ವಿಶ್ರಮಿಸಿದ. ಆದ್ದರಿಂದ ಮನುಷ್ಯನೂ ವಿಶ್ರಮಿಸಬೇಕು. ಧರ್ಮೋಪದೇಶಕಾಂಡ ಹೇಳುವುದೇ ಬೇರೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ದೇವರು ನಿಮ್ಮನ್ನು ಬಿಡಿಸಿ ತಂದ, ಅದನ್ನು ಮರೆಯಬೇಡಿ. ಬಿಡುವಿಲ್ಲದೆ ದುಡಿದ ಗುಲಾಮರ ನೆನಪೇ ಈ ರಜೆಯ ಬುನಾದಿ.

ಅದಕ್ಕೇ ಆಜ್ಞೆಯಲ್ಲಿ ಒಂದು ಪಟ್ಟಿಯೇ ಇದೆ. ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ ಇವರೆಲ್ಲರೂ ಅಂದು ವಿಶ್ರಮಿಸಬೇಕು. ರಜೆ ಬೇಕೆಂದು ಬಾಯಿಬಿಟ್ಟು ಕೇಳಲಾಗದವರ ಹೆಸರುಗಳೇ ಇಲ್ಲಿ ಹೆಚ್ಚು. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಇದೆ. ಆ ಪದ್ಧತಿ ಬಲ್ಲವರಿಗೆ ಈ ಪಟ್ಟಿಯಲ್ಲಿ ಎತ್ತು ಕಾಣಿಸಿಕೊಂಡಿರುವುದು ಅಚ್ಚರಿ ತರಲಾರದು.

ಯೇಸುವಿನ ಕಾಲಕ್ಕೆ ಈ ದಿನದ ಸುತ್ತ ವಿಧಿನಿಷೇಧಗಳ ದೊಡ್ಡ ಬೇಲಿ ಬೆಳೆದಿತ್ತು. ಹಸಿದ ಶಿಷ್ಯರು ಸಬ್ಬತ್ತಿನ ದಿನ ಹೊಲದಲ್ಲಿ ತೆನೆ ಕಿತ್ತು ತಿಂದದ್ದೇ ವಿವಾದವಾಯಿತು. ಮನುಷ್ಯನಿಗಾಗಿ ಸಬ್ಬತ್ತೇ ಹೊರತು ಸಬ್ಬತ್ತಿಗಾಗಿ ಮನುಷ್ಯನಲ್ಲ ಎಂಬ ಅರ್ಥದ ಉತ್ತರವನ್ನು ಯೇಸು ಕೊಟ್ಟರೆಂದು ಮಾರ್ಕನ ಸುವಾರ್ತೆ ದಾಖಲಿಸುತ್ತದೆ. ದುಡಿದು ಬಳಲಿ ಹೊರೆ ಹೊತ್ತವರನ್ನು ಅವರು ತಮ್ಮ ಬಳಿಗೆ ಕರೆದದ್ದೂ ವಿಶ್ರಾಂತಿ ಕೊಡುವ ಭರವಸೆಯೊಂದಿಗೇ. ಕ್ರೈಸ್ತರ ಪಾಲಿಗೆ ವಿಶ್ರಾಂತಿ ಎಂಬುದು ವಾರದ ಒಂದು ದಿನವಷ್ಟೇ ಆಗಿ ಉಳಿಯದೆ, ದುಡಿಮೆಯ ನಡುವೆಯೂ ದೇವರಲ್ಲಿ ಕಾಣಬಹುದಾದ ನೆಮ್ಮದಿ ಎಂಬ ಅರ್ಥ ಪಡೆದದ್ದು ಹೀಗೆ.

ಶನಿವಾರ ಭಾನುವಾರವಾದದ್ದು

ಯೇಸು ಪುನರುತ್ಥಾನ ಹೊಂದಿದ್ದು ಭಾನುವಾರ ಎಂಬ ನಂಬಿಕೆಯಿಂದ ಮೊದಲ ಕ್ರೈಸ್ತರು ಅಂದು ಸೇರತೊಡಗಿದರು. ಆದರೆ ರೋಮನ್ ಸಾಮ್ರಾಜ್ಯದಲ್ಲಿ ಭಾನುವಾರ ಎಲ್ಲ ದಿನಗಳಂತೆ ಕೆಲಸದ ದಿನ. ಅವರಲ್ಲಿ ಗುಲಾಮರೂ ಕೂಲಿಗಳೂ ಬಹಳ ಮಂದಿ. ಸುಮಾರು ಕ್ರಿ.ಶ. 112ರಲ್ಲಿ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುನ್ನ ಸೇರುತ್ತಾರೆ ಎಂಬ ಮಾತಿದೆ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಅವರಿಗೆ ಪೂಜೆಯ ದಿನವಿತ್ತು, ರಜೆಯ ದಿನವಿರಲಿಲ್ಲ.

ರಜೆ ಬಂದದ್ದು ರಾಜಾಜ್ಞೆಯಿಂದ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್, ಸೂರ್ಯನ ದಿನದಂದು ನ್ಯಾಯಾಧೀಶರೂ ಪಟ್ಟಣದ ಜನರೂ ವಿಶ್ರಮಿಸಬೇಕು, ಕಸುಬಿನ ಮನೆಗಳು ಮುಚ್ಚಬೇಕು ಎಂದು ಆಜ್ಞೆ ಹೊರಡಿಸಿದ. ಅದರಲ್ಲೇ ಒಂದು ವಿನಾಯಿತಿಯೂ ಇತ್ತು. ಬಿತ್ತನೆಗೆ ತಕ್ಕ ಹದ ತಪ್ಪಿಹೋಗಬಾರದೆಂದು ಬೇಸಾಯದವರು ಮಾತ್ರ ದುಡಿಯಬಹುದು. ಅಂದಿನ ಸಮಾಜದಲ್ಲಿ ಬಹುಪಾಲು ಜನ ಬೇಸಾಯದವರೇ. ಅಂದರೆ ಮೊದಲ ಸರಕಾರಿ ಭಾನುವಾರ ನಗರದವರ ಭಾನುವಾರವಾಗಿತ್ತು. ಹೊಲದ ಕೆಲಸವನ್ನೂ ನಿಲ್ಲಿಸಬೇಕೆಂದು ಚರ್ಚಿನ ಸಭೆಗಳು ವಿಧಿಸಿದ್ದು ಆರನೆಯ ಶತಮಾನದಲ್ಲಿ. ಇಥಿಯೋಪಿಯಾದ ಪ್ರಾಚೀನ ಚರ್ಚ್ ಶನಿವಾರ, ಭಾನುವಾರ ಎರಡನ್ನೂ ಪವಿತ್ರವೆಂದು ಉಳಿಸಿಕೊಂಡಿದೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು ಶನಿವಾರವನ್ನೇ ಪಾಲಿಸುತ್ತಾರೆ.

ಆಟವೋ, ಪಾಠವೋ?

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಡುವಿನ ದಿನವನ್ನು ಹೇಗೆ ಕಳೆಯಬೇಕೆಂಬುದೇ ರಾಜಕೀಯವಾಯಿತು. ಪ್ಯೂರಿಟನ್ ಪಂಥದವರ ಪ್ರಕಾರ ಭಾನುವಾರ ಪ್ರಾರ್ಥನೆಗೆ ಮೀಸಲು, ಆಟಪಾಟ ಪಾಪ. 1618ರಲ್ಲಿ ದೊರೆ ಜೇಮ್ಸ್, ಚರ್ಚಿನ ಆರಾಧನೆ ಮುಗಿದ ಬಳಿಕ ಜನ ಕುಣಿಯಬಹುದು, ಬಿಲ್ಲುವಿದ್ಯೆ ಆಡಬಹುದು ಎಂದು ಪ್ರಕಟಣೆ ಹೊರಡಿಸಿದ. ಆರು ದಿನ ದುಡಿಯುವವನಿಗೆ ಆಡಲು ಬೇರೆ ದಿನ ಎಲ್ಲಿದೆ ಎಂಬುದು ಅದರ ಹಿಂದಿದ್ದ ವಾದ. ಪ್ಯೂರಿಟನ್ನರ ಕೈಮೇಲಾದ ಮೇಲೆ, 1643ರಲ್ಲಿ, ಪಾರ್ಲಿಮೆಂಟಿನ ಆಜ್ಞೆಯಂತೆ ಆ ಪ್ರಕಟಣೆಯನ್ನು ಬಹಿರಂಗವಾಗಿ ಸುಡಲಾಯಿತು.

ಗುಲಾಮರ ಭಾನುವಾರದ ಕತೆ ಇನ್ನೂ ಬೇರೆ. ಬ್ರಿಟಿಷರ ಹಿಡಿತದಲ್ಲಿದ್ದ ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರಿಗೆ ಭಾನುವಾರ ಬಿಡುವು ಸಿಗುತ್ತಿತ್ತು. ಆದರೆ ಆ ಬಿಡುವಿನಲ್ಲಿ ಅವರು ತಮ್ಮ ಹೊಟ್ಟೆಗೆ ಬೇಕಾದ ಗೆಡ್ಡೆಗೆಣಸನ್ನು ತಾವೇ ಬೆಳೆದುಕೊಳ್ಳಬೇಕಿತ್ತು, ಸಂತೆಯಲ್ಲಿ ಮಾರಬೇಕಿತ್ತು. ಒಡೆಯನಿಗೆ ಊಟದ ಖರ್ಚು ಉಳಿಯಿತು. ಆಜ್ಞೆ ಪಾಲಿಸಿದ ಪುಣ್ಯವೂ ಬಂತು. ಈಜಿಪ್ಟಿನ ಗುಲಾಮರ ನೆನಪಿಗೆ ಹುಟ್ಟಿದ ದಿನ ಹೊಸ ಗುಲಾಮರ ಪಾಲಿಗೆ ಹೀಗಾಗಿತ್ತು.

ಆದರೂ ಅದೇ ದಿನವನ್ನು ಕಸಿದುಕೊಂಡು ಬಳಸಿದವರಿದ್ದಾರೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ ಮುಂದೆ ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್, ತರುಣನಾಗಿದ್ದಾಗ ಗುಟ್ಟಾಗಿ ಸಬ್ಬತ್ ಶಾಲೆ ನಡೆಸಿ ಜೊತೆಯ ಗುಲಾಮರಿಗೆ ಓದಲು ಕಲಿಸಿದ. ಅದನ್ನು 1845ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಗುಲಾಮರು ಭಾನುವಾರ ಕುಡಿದು ಕುಸ್ತಿಯಾಡಿದರೆ ಒಡೆಯರಿಗೆ ಅಡ್ಡಿಯಿರಲಿಲ್ಲವಂತೆ, ಓದಲು ಕೂತರೆ ಮಾತ್ರ ಸಿಟ್ಟು ಬರುತ್ತಿತ್ತಂತೆ.

ಮುಂಬಯಿಯಲ್ಲಿ ಖಂಡೋಬನ ವಾರ

ಭಾರತಕ್ಕೆ ಭಾನುವಾರದ ರಜೆಯನ್ನು ಬ್ರಿಟಿಷರು ತಂದರು ಎಂಬುದು ಅರ್ಧ ಸತ್ಯ. ಅವರ ಕಚೇರಿಗಳಿಗೂ ನ್ಯಾಯಾಲಯಗಳಿಗೂ ಬಿಡುವು ಇತ್ತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಬೆಳಗಿನಿಂದ ಸೂರ್ಯಾಸ್ತದವರೆಗೆ ದುಡಿಯುವ ಕಾರ್ಮಿಕರಿಗೆ ವಾರದ ರಜೆ ಎಂಬುದೇ ಇರಲಿಲ್ಲ. 1881ರ ಕಾರ್ಖಾನೆ ಕಾಯಿದೆ ತಿಂಗಳಿಗೆ ನಾಲ್ಕು ರಜೆ ಕೊಟ್ಟದ್ದು ಮಕ್ಕಳಿಗೆ ಮಾತ್ರ.

ವಯಸ್ಕರಿಗೂ ರಜೆ ಬೇಕೆಂದು ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಅವರು ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿಯಿದ್ದ ಮನವಿ ಸಿದ್ಧವಾಯಿತು. ಅದರ ಮೊದಲ ಬೇಡಿಕೆಗಳಲ್ಲಿ ಭಾನುವಾರದ ರಜೆಯೂ ಒಂದು. ಲೋಖಂಡೆ ಬೈಬಲನ್ನು ಮುಂದಿಟ್ಟು ವಾದಿಸಲಿಲ್ಲ. ಭಾನುವಾರ ಕಾರ್ಮಿಕರ ಕುಲದೈವ ಖಂಡೋಬನ ವಾರ, ಅಂದು ಅವನನ್ನು ಪೂಜಿಸಲು ಬಿಡುವು ಬೇಕು ಎಂದರು. ನಾವು ಮೈಲಾರಲಿಂಗನೆಂದು ಪೂಜಿಸುವ ದೈವವೇ ಈ ಖಂಡೋಬ.

1890ರ ಏಪ್ರಿಲಿನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ನಡೆಯಿತು. ಅದರಲ್ಲಿ ಇಬ್ಬರು ಹೆಂಗಸರೂ ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. 1891ರ ಕಾಯಿದೆ ವಾರದ ರಜೆಯನ್ನು ಕಾನೂನಾಗಿಸಿತು. ದೇವರ ಹೆಸರು ಬೇರೆ, ಕೇಳಿದವರ ಪರಿಸ್ಥಿತಿ ಒಂದೇ: ಸ್ವಂತ ಕಾಲವೇ ಇಲ್ಲದವರು ಒಂದು ದಿನವನ್ನು ತಮ್ಮದೆಂದು ಕೇಳಿದರು.

ಒಟ್ಟಿಗೆ ನಿಲ್ಲುವುದು

ಏಳು ದಿನಗಳ ಈ ಲೆಕ್ಕವನ್ನು ಮುರಿಯುವ ಪ್ರಯತ್ನವೂ ನಡೆಯಿತು. 1929ರಲ್ಲಿ ಸೋವಿಯತ್ ಒಕ್ಕೂಟ ಐದು ದಿನಗಳ ವಾರ ತಂದಿತು. ನಾಲ್ಕು ದಿನ ದುಡಿದರೆ ಒಂದು ದಿನ ಬಿಡುವು. ಲೆಕ್ಕದಲ್ಲಿ ಇದು ಹೆಚ್ಚು ರಜೆಯೇ. ಆದರೆ ಯಂತ್ರಗಳು ನಿಲ್ಲಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಹಂಚಲಾಯಿತು. ಗಂಡನಿಗೆ ಬಿಡುವಿದ್ದಾಗ ಹೆಂಡತಿಗೆ ಕೆಲಸ, ಗೆಳೆಯರು ಸಿಗುವಂತಿಲ್ಲ, ಚರ್ಚಿಗೆ ಹೋಗುವಂತಿಲ್ಲ. ಜನ ಗೊಣಗಿದರು. ವ್ಯವಸ್ಥೆ ಬದಲಾಗುತ್ತ ಬಂದು 1940ರಲ್ಲಿ ಏಳು ದಿನಗಳ ವಾರ ಮರಳಿತು. ವಿಶ್ರಾಂತಿ ಎಂದರೆ ಕೆಲಸ ಇಲ್ಲದಿರುವುದಷ್ಟೇ ಅಲ್ಲ, ಎಲ್ಲರೂ ಒಟ್ಟಿಗೆ ನಿಲ್ಲುವುದು ಎಂಬುದು ಅಲ್ಲಿ ಸ್ಪಷ್ಟವಾಯಿತು. ಸರದಿಯ ಮೇಲೆ ವಾರದ ರಜೆ ಪಡೆಯುವ ದಾದಿಯರಿಗೂ ಬಸ್ ಚಾಲಕರಿಗೂ ಹೋಟೆಲ್ ಮಾಣಿಗಳಿಗೂ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಪಟ್ಟಿಯಲ್ಲಿ ಇಲ್ಲದವಳು

ಬೈಬಲಿನ ಆ ಪಟ್ಟಿಗೆ ಮತ್ತೊಮ್ಮೆ ಹಿಂದಿರುಗೋಣ. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ ಎಲ್ಲರೂ ಇದ್ದಾರೆ. ಹೆಂಡತಿಯ ಹೆಸರಿಲ್ಲ. 'ನೀನು' ಎಂಬುದರಲ್ಲೇ ಅವಳೂ ಸೇರಿದ್ದಾಳೆ ಎನ್ನುವ ವ್ಯಾಖ್ಯಾನಗಳಿವೆ. ಸಂಪ್ರದಾಯಸ್ಥ ಯೆಹೂದ್ಯರ ಮನೆಗಳಲ್ಲಿ ಸಬ್ಬತ್ತಿನ ದಿನ ಬೆಂಕಿ ಹೊತ್ತಿಸುವಂತಿಲ್ಲ. ಶುಕ್ರವಾರ ಸಂಜೆಯೊಳಗೆ ಅಡುಗೆ ಸಿದ್ಧವಾಗಿರಬೇಕು. ಹೀಗೆ ಒಲೆಗೂ ಒಂದು ದಿನ ರಜೆ. ಆದರೆ ನಮ್ಮ ನಾಡಿನ ಹೆಚ್ಚಿನ ಮನೆಗಳಲ್ಲಿ, ಅದು ಯಾವ ಧರ್ಮದವರ ಮನೆಯೇ ಇರಲಿ, ಒಲೆ ಹೆಚ್ಚು ಹೊತ್ತು ಉರಿಯುವುದೇ ಭಾನುವಾರ. ಎಲ್ಲರಿಗೂ ರಜೆಯಿರುವ ದಿನವೇ ಅಮ್ಮನಿಗೆ ವಿಶೇಷ ಅಡುಗೆಯ ದಿನ.

ಲಿಡೆಲ್ ಮುಂದೆ ತಾವು ಹುಟ್ಟಿದ ಚೀನಾಕ್ಕೇ ಮಿಷನರಿಯಾಗಿ ಹೋದರು. ಎರಡನೆಯ ಮಹಾಯುದ್ಧದ ವೇಳೆ ಜಪಾನೀಯರ ಬಂದಿ ಶಿಬಿರದಲ್ಲಿದ್ದು, 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಶಿಬಿರದ ಮಕ್ಕಳು ಒಂದು ಭಾನುವಾರ ಹಾಕಿ ಆಡಲು ಹೋಗಿ ಜಗಳವಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾವೇ ರೆಫರಿಯಾಗಿ ಮೈದಾನಕ್ಕಿಳಿದರು ಎಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಪದಕಕ್ಕಾಗಿ ಬಿಟ್ಟುಕೊಡದ ದಿನವನ್ನು ಅವರು ಮಕ್ಕಳಿಗಾಗಿ ಬಿಟ್ಟುಕೊಟ್ಟರು.

ಮನುಷ್ಯನಿಗಾಗಿ ಸಬ್ಬತ್ತು ಎಂಬ ಮಾತಿಗೆ ಇದಕ್ಕಿಂತ ನೇರವಾದ ವಿವರಣೆ ಸಿಗುವುದು ಕಷ್ಟ. ಈ ಪುರವಣಿಯನ್ನು ಮಡಿಚಿಟ್ಟು ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿದ್ದರೆ, ಅಲ್ಲಿರುವವರ ಏಳನೆಯ ದಿನ ಯಾವುದು ಎಂದು ಒಮ್ಮೆ ಕೇಳಿ ನೋಡಬಹುದು.