ಆಸ್ತಮಾ: ಚಿಕಿತ್ಸೆ ಮತ್ತು ಔಷಧ ಪಾಲನೆಯ ಇತಿಹಾಸ

ಆಸ್ತಮಾ (ಗೂರಲು, ಉಬ್ಬಸ, ದಮ್ಮು) ಶ್ವಾಸನಾಳಗಳ ದೀರ್ಘಕಾಲದ ಉರಿಯೂತದಿಂದ ಬರುವ ಕಾಯಿಲೆ. ನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಕಫ ಕಟ್ಟಿ, ಉಸಿರು ಬಿಡುವುದೇ ಕಷ್ಟವಾಗುತ್ತದೆ. ಏದುಸಿರು ಬಂದು ಹೋಗುತ್ತದೆ; ಉರಿಯೂತ ಮಾತ್ರ ಆರಾಮಾಗಿರುವ ದಿನಗಳಲ್ಲೂ ಒಳಗೇ ಉಳಿದಿರುತ್ತದೆ. ವೈದ್ಯರು ಇದನ್ನು ಅರಿಯಲು ಶತಮಾನಗಳೇ ಬೇಕಾದವು. ರೋಗಿಗಳಲ್ಲಿ ಬಹಳ ಜನ ಇಂದಿಗೂ ಇದನ್ನು ಪೂರ್ತಿ ಒಪ್ಪಿಲ್ಲ.

ಹೊಗೆಯಿಂದ ಪಂಪಿನವರೆಗೆ

ಚರಕಸಂಹಿತೆ ಹೇಳುವ ಐದು ಶ್ವಾಸರೋಗಗಳಲ್ಲಿ ತಮಕಶ್ವಾಸ ಇಂದಿನ ಆಸ್ತಮಾಕ್ಕೆ ಹತ್ತಿರವಾದದ್ದು: ಮಲಗಿದರೆ ಹೆಚ್ಚು, ಕುಳಿತರೆ ಹಗುರ, ಮೋಡ ಕವಿದಾಗ ಉಲ್ಬಣ. ಸ್ವತಃ ಆಸ್ತಮಾ ರೋಗಿಯಾಗಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ಲಾಯರ್ 1698ರಲ್ಲಿ ಈ ಕಾಯಿಲೆಯ ಮೇಲೆ ಗ್ರಂಥ ಬರೆದ. ದತ್ತೂರಿಯ ಹೊಗೆ ಸೇದುವ ಭಾರತದ ಪದ್ಧತಿ 19ನೇ ಶತಮಾನದ ಆರಂಭದಲ್ಲಿ ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಮುಂದೆ 'ಆಸ್ತಮಾ ಸಿಗರೇಟು'ಗಳೇ ಮಾರುಕಟ್ಟೆಗೆ ಬಂದವು. ಈಗ ವಿಚಿತ್ರವೆನಿಸಿದರೂ ಅದು ಬರೀ ಮೂಢನಂಬಿಕೆಯಲ್ಲ, ದತ್ತೂರಿಯಲ್ಲಿರುವ ಅಟ್ರೋಪಿನ್ ನಾಳವನ್ನು ಸಡಿಲಿಸುತ್ತದೆ. ಹೈಡ್ ಸಾಲ್ಟರ್ 1860ರಲ್ಲಿ ಗಟ್ಟಿ ಕಪ್ಪು ಕಾಫಿ ಕುಡಿಯಲು ಹೇಳಿದ್ದಕ್ಕೂ ಆಧಾರವಿದೆ: ಕೆಫೀನ್, ಮುಂದೆ ಆಸ್ತಮಾದ ಮಾತ್ರೆಯಾದ ಥಿಯೋಫಿಲಿನ್‌ನ ಹತ್ತಿರದ ರಾಸಾಯನಿಕ.

ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೇಸನ್‌ನ ಆಸ್ತಮಾ ಇದ್ದ ಮಗಳು, ತನ್ನ ಔಷಧವೂ ಹೇರ್ ಸ್ಪ್ರೇ ಥರ ಡಬ್ಬಿಯಲ್ಲಿ ಯಾಕೆ ಸಿಗಬಾರದು ಎಂದು ಕೇಳಿದಳಂತೆ. 1956ರಲ್ಲಿ ಅಳತೆಯ ತುಂತುರು ಬಿಡುವ ಮೊದಲ ಪಂಪು ಮಾರಾಟಕ್ಕೆ ಬಂತು. ಔಷಧ ಜೇಬಿಗೆ ಬಂದದ್ದು ದೊಡ್ಡ ಅನುಕೂಲ. ಅಪಾಯವೂ ಅಲ್ಲೇ ಇತ್ತು. 1960ರ ದಶಕದಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಸ್ತಮಾ ಸಾವುಗಳು ಏಕಾಏಕಿ ಏರಿದವು. ಹೆಚ್ಚು ಪ್ರಮಾಣದ ಐಸೋಪ್ರಿನಲಿನ್ ಪಂಪುಗಳ ಮೇಲೆ ಸಂಶಯ ಬಿತ್ತು. 1969ರಲ್ಲಿ ಬಂದ ಸಾಲ್ಬುಟಮಾಲ್ ಹೃದಯಕ್ಕೆ ಅಷ್ಟು ಹೊರೆಯಾಗಲಿಲ್ಲ. ಆದರೆ ಇವೆಲ್ಲವೂ ಬಿಗಿದ ಸ್ನಾಯುವನ್ನು ಸಡಿಲಿಸುವ ಮದ್ದುಗಳೇ. ಉರಿಯೂತಕ್ಕೇ ನೇರವಾಗಿ ಕೈ ಹಾಕಿದ್ದು 1972ರಲ್ಲಿ ಬಂದ ಬೆಕ್ಲೊಮೆಥಾಸೋನ್, ಅಂದರೆ ಉಸಿರಿನ ಮೂಲಕ ಒಳಸೇರುವ ಸ್ಟಿರಾಯ್ಡ್.

ಪಾಲನೆಯ ಪ್ರಶ್ನೆ

ಸಾಲ್ಬುಟಮಾಲ್ ನಿಮಿಷಗಳಲ್ಲಿ ಎದೆ ಹಗುರ ಮಾಡುತ್ತದೆ. ಸ್ಟಿರಾಯ್ಡ್ ಪಂಪು ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ದಿನವೂ ಎಳೆದರೆ ಮಾತ್ರ ಗುಣ. ಆದ್ದರಿಂದ ಜನ ಮೊದಲನೆಯದನ್ನು ಕೈಬಿಡದೆ ಎರಡನೆಯದನ್ನು ನಿಲ್ಲಿಸುತ್ತಾರೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದಿನ ವರ್ಷ ಬಳಸಿದ ಪ್ರತಿ ಹೆಚ್ಚುವರಿ ಸ್ಟಿರಾಯ್ಡ್ ಡಬ್ಬಿಗೆ ಸಾವಿನ ಪ್ರಮಾಣ ಶೇ. 21ರಷ್ಟು ಇಳಿದಿತ್ತು. ಔಷಧ ನಿಲ್ಲಿಸಿದ ಮೊದಲ 3 ತಿಂಗಳು ಹೆಚ್ಚು ಅಪಾಯದ ಕಾಲವೆಂದೂ ತಿಳಿಯಿತು. ನ್ಯೂಯಾರ್ಕಿನ ವಯಸ್ಕ ರೋಗಿಗಳ ಮೇಲಿನ 2006ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ತೊಂದರೆ ಕಾಣಿಸಿದಾಗ ಮಾತ್ರ ತಮಗೆ ಆಸ್ತಮಾ ಇದೆ ಎಂದು ನಂಬಿದ್ದರು.

ಬಳಕೆಯನ್ನು ಅಳೆಯುವುದೂ ಸುಲಭವಾಗಿರಲಿಲ್ಲ. ಅಮೆರಿಕದ ಧೂಮಪಾನಿಗಳ ಶ್ವಾಸಕೋಶದ ಬಗೆಗಿನ ಪರೀಕ್ಷೆಯೊಂದರಲ್ಲಿ ಪಂಪು ಒತ್ತಿದ ಸಮಯವನ್ನು ಗುಟ್ಟಾಗಿ ದಾಖಲಿಸಿದಾಗ, ಶೇ. 30ರಷ್ಟು ಜನ ಮೂರು ಗಂಟೆಯೊಳಗೆ ನೂರಕ್ಕೂ ಹೆಚ್ಚು ಸಲ ಒತ್ತಿ ಡಬ್ಬಿ ಖಾಲಿ ಮಾಡಿದ್ದು ಕಂಡುಬಂತು. ವೈದ್ಯರಿಗೆ ತೋರಿಸಲಿಕ್ಕೆ!

ವಯಸ್ಸಿನ ವ್ಯತ್ಯಾಸ

ಹದಿಹರೆಯದವರೆಗೆ ಔಷಧ ಕೊಟ್ಟು ನೋಡಿಕೊಳ್ಳುವವರು ತಾಯಿ ತಂದೆ. ಕಾಲೇಜು, ಹಾಸ್ಟೆಲು, ನೌಕರಿ ಎಂದು ಮನೆ ಬಿಟ್ಟಾಗ ಆ ಕಾವಲು ತಪ್ಪುತ್ತದೆ. ಗೆಳೆಯರ ಎದುರು ಪಂಪು ತೆಗೆಯಲು ನಾಚಿಕೆ, 'ಅಭ್ಯಾಸವಾಗಿಬಿಡುತ್ತದೆ' ಎಂಬ ಭಯ, ಮದುವೆಯ ಮಾತುಕತೆಯಲ್ಲಿ ವಿಷಯ ಮುಚ್ಚಿಡುವ ಒತ್ತಡ ಇವೂ ಸೇರಿಕೊಳ್ಳುತ್ತವೆ.

ವಯಸ್ಸಾದವರ ಕಷ್ಟ ಬೇರೆ. ಸಂಧಿವಾತದ ಬೆರಳಿಗೆ ಡಬ್ಬಿ ಒತ್ತುವ ಬಲವಿರುವುದಿಲ್ಲ; ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳೆಯಾಗುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ನಡುವೆ ಪಂಪು ಮರೆತುಹೋಗುತ್ತದೆ. ನಾಳ ಕಿರಿದಾಗಿರುವುದು ಅವರ ಅರಿವಿಗೇ ಕಡಿಮೆ ಬರುವುದರಿಂದ ಏದುಸಿರನ್ನು 'ವಯಸ್ಸಿನದು' ಎಂದು ಬಿಟ್ಟುಬಿಡುತ್ತಾರೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿಗಳೂ ಆಸ್ತಮಾ ಕೆರಳಿಸಬಲ್ಲವು. ಡಬ್ಬಿಗೆ ಜೋಡಿಸುವ ಸ್ಪೇಸರ್ ಇವರಿಗೆ ತುಂಬ ಉಪಯುಕ್ತ. ತಾಳೆಯ ತೊಂದರೆಯನ್ನು ಅದು ಬಹುಪಾಲು ನೀಗುತ್ತದೆ.

ಭಾರತದಲ್ಲಿ

ಬೆಂಗಳೂರು, ದೆಹಲಿ, ಚಂಡೀಗಢ, ಕಾನ್ಪುರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 2.38ರಷ್ಟು ಜನರಿಗೆ ಆಸ್ತಮಾ ಇತ್ತು. ಪುಡಿ ತುಂಬಿದ ಕ್ಯಾಪ್ಸೂಲ್ ಬಳಸುವ ರೋಟಾಹೇಲರ್ ಇಲ್ಲಿ ಬಹಳ ಬಳಕೆಯಲ್ಲಿದೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬ ಕೊಡುವ ಮೀನಿನ ಮದ್ದಿಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಅದರ ಗುಣ ವೈಜ್ಞಾನಿಕವಾಗಿ ಸಿದ್ಧವಾಗಿಲ್ಲ. ಆದರೂ ಸತತ ಮೂರು ವರ್ಷ ಬರಬೇಕೆಂಬ ಆ ಮದ್ದಿನ ನಿಯಮವನ್ನು ಶ್ರದ್ಧೆಯಿಂದ ನಡೆಸುವವರು ದಿನದ ಪಂಪನ್ನು ಬಿಡುವುದು ಯೋಚಿಸಬೇಕಾದ ಸಂಗತಿ.

ಇತ್ತೀಚಿನ ಬದಲಾವಣೆ

ಆಸ್ತಮಾ ಕುರಿತ ಜಾಗತಿಕ ಸಂಸ್ಥೆ ಜೀನಾ 2019ರಲ್ಲಿ, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಸುರಕ್ಷಿತವಲ್ಲ ಎಂದಿತು. ಸ್ಟಿರಾಯ್ಡ್ ಮತ್ತು ನಾಳ ಸಡಿಲಿಸುವ ಫಾರ್ಮೋಟೆರಾಲ್ ಎರಡೂ ಇರುವ ಒಂದೇ ಪಂಪನ್ನು ಸೌಮ್ಯ ಆಸ್ತಮಾದಲ್ಲಿ ಬೇಕೆನಿಸಿದಾಗಲೂ, ಕಾಯಿಲೆ ಇನ್ನೂ ಹೆಚ್ಚಿದ್ದಾಗ ದಿನನಿತ್ಯವೂ ಬಳಸುವ ಕ್ರಮ ಬಂತು. ಕಷ್ಟವಾದಾಗ ಮಾತ್ರ ಔಷಧ ಹುಡುಕುವವರಿಗೂ ಹೀಗೆ ಉರಿಯೂತದ ಮದ್ದು ಸಿಗುತ್ತದೆ. ನಾಳ ಸಡಿಲಿಸುವ ಇನ್ನೊಂದು ಮದ್ದಾದ ಸಾಲ್ಮೆಟೆರಾಲ್ ಇರುವ ಪಂಪುಗಳಿಗೆ, ಬೇಕೆನಿಸಿದಾಗ ಬಳಸುವ ಈ ಕ್ರಮ ಅನ್ವಯಿಸುವುದಿಲ್ಲ. ಅದು ಕೆಲಸ ಶುರು ಮಾಡುವುದು ನಿಧಾನ.